ಓದುಗರ ಪ್ರಶ್ನೆ: ಇಲ್ಲಿಯ ಬಿಡಿಎಸ್, ಕ್ಯಾಲಿಫೋರ್ನಿಯಾದ ಪರವಾನಗಿ

ಪ್ರಶ್ನೆ: ದಾವಣಗೆರೆಯಲ್ಲಿ ಬಿಡಿಎಸ್ ಮುಗಿಸಿ, ಕರ್ನಾಟಕ ರಾಜ್ಯ ದಂತವೈದ್ಯ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡು, ಕೆಲವು ವರ್ಷ ಖಾಸಗಿ ಕ್ಲಿನಿಕ್‌ನಲ್ಲಿ ಕೆಲಸ ಮಾಡಿದ್ದೇನೆ. ಮದುವೆಯ ನಂತರ ಪತಿಯೊಂದಿಗೆ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದೇನೆ. ಅಲ್ಲಿಯ ರಾಷ್ಟ್ರೀಯ ಪರೀಕ್ಷೆ ಪಾಸು ಮಾಡಿದರೆ ಪ್ರಾಕ್ಟೀಸ್ ಆರಂಭಿಸಬಹುದೆಂದು ಕೆಲವರೂ, ಮತ್ತೆ ಕಾಲೇಜಿಗೇ ಸೇರಬೇಕೆಂದು ಇನ್ನು ಕೆಲವರೂ ಹೇಳುತ್ತಾರೆ. ಯಾವುದನ್ನು ನಂಬಲಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮತ್ತೆ ಕಾಲೇಜಿಗೆ ಸೇರಬೇಕೆಂದವರನ್ನೇ ನಂಬಿ. ಅಮೆರಿಕದಲ್ಲಿ ದಂತವೈದ್ಯರಿಗೆ ಪರವಾನಗಿ ಕೊಡುವುದು ಕೇಂದ್ರ ಸರ್ಕಾರವಲ್ಲ, ಆಯಾ ರಾಜ್ಯದ ಮಂಡಳಿ. ಕ್ಯಾಲಿಫೋರ್ನಿಯಾದಲ್ಲಿ ಆ ಅಧಿಕಾರ ಸ್ಯಾಕ್ರಮೆಂಟೊದಲ್ಲಿರುವ ಡೆಂಟಲ್ ಬೋರ್ಡ್ ಆಫ್ ಕ್ಯಾಲಿಫೋರ್ನಿಯಾಕ್ಕೆ ಸೇರಿದೆ. ಆ ಮಂಡಳಿ ಮೊದಲು ನೋಡುವುದು ನಿಮ್ಮ ಅಂಕಗಳನ್ನೂ ಅಲ್ಲ, ಅನುಭವವನ್ನೂ ಅಲ್ಲ; ಪದವಿ ಕೊಟ್ಟ ಕಾಲೇಜಿಗೆ ಅಮೆರಿಕದ ದಂತ ಶಿಕ್ಷಣ ಮಾನ್ಯತಾ ಆಯೋಗದ, ಅಂದರೆ ಎಲ್ಲರೂ ಕೋಡಾ ಎಂದು ಕರೆಯುವ ಸಂಸ್ಥೆಯ, ಮಾನ್ಯತೆ ಇದೆಯೇ ಎಂಬುದನ್ನು. ನಮ್ಮ ಬಿಡಿಎಸ್ ಕಾಲೇಜುಗಳಿಗೆ ಆ ಮಾನ್ಯತೆ ಇಲ್ಲ. ಇದು ನಿಮ್ಮ ಕಲಿಕೆಯ ಮೇಲಿನ ತೀರ್ಪಲ್ಲ; ಆದರೆ ನಿಯಮ ಹಾಗಿರುವುದರಿಂದ ಅದನ್ನು ವಾದದಿಂದ ದಾಟಲು ಬರುವುದಿಲ್ಲ.

ದಾರಿ ಇರುವುದು ಕೋಡಾ ಮಾನ್ಯತೆಯ ಕಾಲೇಜುಗಳು ವಿದೇಶಿ ದಂತವೈದ್ಯರಿಗಾಗಿಯೇ ನಡೆಸುವ, ಸುಮಾರು ಎರಡು ವರ್ಷಗಳ ಕೋರ್ಸಿನಲ್ಲಿ. ಅದನ್ನು ಮುಗಿಸಿದವರಿಗೆ ಅಲ್ಲಿಯವರಿಗೆ ಸಿಗುವ ಡಿಡಿಎಸ್ ಪದವಿಯೇ ಸಿಗುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದ ಯುಸಿಎಸ್‌ಎಫ್ ಮತ್ತು ಯೂನಿವರ್ಸಿಟಿ ಆಫ್ ದಿ ಪೆಸಿಫಿಕ್, ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಮತ್ತು ಯುಎಸ್‌ಸಿ, ಜೊತೆಗೆ ಲೋಮಾ ಲಿಂಡಾ ವಿಶ್ವವಿದ್ಯಾಲಯ ಇಂಥ ಕೋರ್ಸುಗಳಿಗೆ ಹೆಸರಾಗಿವೆ. ಬಹುಪಾಲು ಕಾಲೇಜುಗಳ ಅರ್ಜಿ ಕ್ಯಾಪಿಡ್ ಎಂಬ ಒಂದೇ ಆನ್‌ಲೈನ್ ವ್ಯವಸ್ಥೆಯ ಮೂಲಕ ಹೋಗುತ್ತದೆ.

ನೀವು ಕೇಳಿದ ರಾಷ್ಟ್ರೀಯ ಪರೀಕ್ಷೆಯ ಸ್ಥಾನ ಇಲ್ಲಿಯೇ. ಹಳೆಯ ಎರಡು ಭಾಗಗಳ ಪರೀಕ್ಷೆಯ ಜಾಗಕ್ಕೆ 2020ರಲ್ಲಿ ಬಂದ ಐಎನ್‌ಬಿಡಿಇ ಎರಡು ದಿನ ನಡೆಯುತ್ತದೆ, ಒಟ್ಟು 500 ಪ್ರಶ್ನೆಗಳಿರುತ್ತವೆ, ಫಲಿತಾಂಶದಲ್ಲಿ ಪಾಸು ಅಥವಾ ಫೇಲು ಎಂದಷ್ಟೇ ಇರುತ್ತದೆ. ಪಾಸಾದವರಿಗೆ ಅಂಕ ಕಾಣಿಸದ ಕಾರಣ, ಸೀಟು ಹಂಚುವಾಗ ಕಾಲೇಜುಗಳು ಉಳಿದುದನ್ನೆಲ್ಲ ತೂಗಿ ನೋಡುತ್ತವೆ: ಬಿಡಿಎಸ್ ಅಂಕಗಳು, ಇಂಗ್ಲಿಷ್ ಪರೀಕ್ಷೆ, ಶಿಫಾರಸು ಪತ್ರಗಳು, ಸಂದರ್ಶನ, ಮತ್ತು ಅನೇಕ ಕಡೆ ಬೆಂಚ್ ಟೆಸ್ಟ್, ಅಂದರೆ ಕೃತಕ ಹಲ್ಲುಗಳ ಮೇಲೆ ಕ್ರೌನ್ ಪ್ರಿಪರೇಶನ್‌ನಂಥ (ಕವಚ ಕೂರಿಸಲು ಹಲ್ಲನ್ನು ಸಜ್ಜುಗೊಳಿಸುವ) ಕೆಲಸವನ್ನು ಗಡಿಯಾರದ ಎದುರು ಮಾಡಿ ತೋರಿಸುವ ಪರೀಕ್ಷೆ. ಕ್ಲಿನಿಕ್‌ನಲ್ಲಿ ವರ್ಷಗಟ್ಟಲೆ ಕೈ ಪಳಗಿಸಿಕೊಂಡವರೂ ಇಲ್ಲಿ ಎಡವುವುದುಂಟು. ಏಕೆಂದರೆ ಪರೀಕ್ಷಕರು ಅಳೆಯುವುದು ಮಿಲಿಮೀಟರಿನ ಭಿನ್ನಾಂಕಗಳಲ್ಲಿ.

ಊರು ಬಿಡುವ ಮುನ್ನ ಮುಗಿಸಬೇಕಾದ ಕೆಲಸವೊಂದಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮ ವಿಶ್ವವಿದ್ಯಾಲಯದಿಂದ (ರಾಜ್ಯದ ಬಹಳಷ್ಟು ದಂತ ಕಾಲೇಜುಗಳಿಗೆ ಅದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ) ಟ್ರಾನ್ಸ್‌ಕ್ರಿಪ್ಟ್, ಅಂದರೆ ಓದಿದ ವಿಷಯ ಮತ್ತು ಅಂಕಗಳ ಅಧಿಕೃತ ದಾಖಲೆ, ಪಡೆದು, ವಿದೇಶಿ ಪದವಿಗಳ ಮೌಲ್ಯಮಾಪನ ಮಾಡುವ ಸಂಸ್ಥೆಗೆ, ಸಾಮಾನ್ಯವಾಗಿ ಇಸಿಇಗೆ, ಅಧಿಕೃತವಾಗಿ ತಲುಪಿಸಬೇಕು. ಜೊತೆಗೆ ಇಂಟರ್ನ್‌ಶಿಪ್ ಪ್ರಮಾಣಪತ್ರವನ್ನೂ ಪರಿಷತ್ತಿನ ಗುಡ್ ಸ್ಟ್ಯಾಂಡಿಂಗ್ (ನಿಮ್ಮ ಮೇಲೆ ಶಿಸ್ತುಕ್ರಮವಿಲ್ಲವೆಂದು ತಿಳಿಸುವ) ಪ್ರಮಾಣಪತ್ರವನ್ನೂ ಕೈಯಲ್ಲಿ ಇಟ್ಟುಕೊಳ್ಳಿ. ಕನ್ನಡಿಗರಿಗೆ ತಪ್ಪದ ತಲೆನೋವು ಹೆಸರಿನದು: ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತರಣೆ, ಮದುವೆಯ ನಂತರ ಇನ್ನೊಂದು ಸರ್‌ನೇಮ್. ಮೂರೂ ಒಬ್ಬರದೇ ಎಂದು ತೋರಿಸುವ ಪ್ರಮಾಣಪತ್ರವನ್ನು ಇಲ್ಲಿಯೇ ಮಾಡಿಸಿಕೊಂಡರೆ ಅಲ್ಲಿ ತಿಂಗಳುಗಳು ಉಳಿಯುತ್ತವೆ.

ಖರ್ಚಿನ ಮಾತನ್ನು ಮುಚ್ಚಿಡಬಾರದು. ಖಾಸಗಿ ಕಾಲೇಜುಗಳಲ್ಲಿ ಒಂದು ವರ್ಷದ ಶುಲ್ಕವೇ 1 ಲಕ್ಷ ಡಾಲರ್ ದಾಟುತ್ತದೆ. ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲ ವೀಸಾದಲ್ಲಿರುವವರಿಗೆ ದೊರೆಯದು. ಖಾಸಗಿ ಬ್ಯಾಂಕಿನ ಸಾಲಕ್ಕೆ ಸಾಮಾನ್ಯವಾಗಿ ಅಲ್ಲಿಯ ಪ್ರಜೆಯೋ ಕಾಯಂ ನಿವಾಸಿಯೋ ಜಾಮೀನು ನಿಲ್ಲಬೇಕಾಗುತ್ತದೆ. ಪತಿಯ ಸಂಬಳದ ಲೆಕ್ಕವನ್ನು ಇಬ್ಬರೂ ಕುಳಿತು ಹಾಕಿದ ಮೇಲೆಯೇ ಅರ್ಜಿಯ ಶುಲ್ಕ ಕಟ್ಟುವುದು ಜಾಣತನವೆಂದು ನನ್ನ ಅಭಿಪ್ರಾಯ.

ಡಿಡಿಎಸ್ ಕೈಗೆ ಬಂದ ಮೇಲಿನ ಹಾದಿ ಹೋಲಿಕೆಯಲ್ಲಿ ನೇರ. ಎಡೆಕ್ಸ್‌ನಂಥ ಕ್ಲಿನಿಕಲ್ ಪರೀಕ್ಷೆ ಬರೆಯಬೇಕು, ಅಥವಾ ಅದರ ಬದಲು ಜಿಪಿಆರ್ ಇಲ್ಲವೇ ಎಇಜಿಡಿ ಎಂಬ 12 ತಿಂಗಳ ರೆಸಿಡೆನ್ಸಿ, ಅಂದರೆ ಪದವಿಯ ನಂತರದ ಚಿಕಿತ್ಸಾ ತರಬೇತಿ, ಮುಗಿಸಬೇಕು. ಜೊತೆಗೆ ಕ್ಯಾಲಿಫೋರ್ನಿಯಾದ ಕಾನೂನು ಮತ್ತು ವೃತ್ತಿನೀತಿಯ ಪರೀಕ್ಷೆ, ಬೆರಳಚ್ಚು ತಪಾಸಣೆ. ಪರವಾನಗಿಯನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ 50 ಯೂನಿಟ್‌ಗಳ ಮುಂದುವರಿಕೆ ಶಿಕ್ಷಣ ಕಡ್ಡಾಯ.

ಪ್ರಶ್ನೆ: ನನ್ನ ತಂಗಿಯ ಮಗಳು ಆರ್ಥೊಡಾಂಟಿಕ್ಸ್‌ನಲ್ಲಿ (ಹಲ್ಲು ನೇರಗೊಳಿಸುವ ವಿಭಾಗ) ಎಂಡಿಎಸ್ ಎಂಬ ಸ್ನಾತಕೋತ್ತರ ಪದವಿ ಮಾಡಿದ್ದಾಳೆ. ಅವಳಿಗಾದರೂ ಕ್ಯಾಲಿಫೋರ್ನಿಯಾದಲ್ಲಿ ರಿಯಾಯಿತಿ ಉಂಟೇ? ಬೆಂಚ್ ಪರೀಕ್ಷೆಯೊಂದನ್ನೇ ಬರೆದು ಪರವಾನಗಿ ಪಡೆದವರಿದ್ದಾರೆಂದು ಅಲ್ಲಿ ನೆಲೆಸಿರುವ ಬಂಧುಗಳು ಹೇಳುತ್ತಾರೆ.
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ಬಂಧುಗಳು ಸುಳ್ಳು ಹೇಳುತ್ತಿಲ್ಲ, ಹಳೆಯ ಕಾಲದ ಮಾತು ಹೇಳುತ್ತಿದ್ದಾರೆ. ವಿದೇಶಿ ಪದವೀಧರರು ಕೈಕೆಲಸದ ಪರೀಕ್ಷೆ ಕೊಟ್ಟು ಮುಂದುವರಿಯುವ ದಾರಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾಲಕ್ಕೆ ಇದ್ದುದು ನಿಜ. ಆ ಬಾಗಿಲು ಮುಚ್ಚಿ ಬಹಳ ವರ್ಷಗಳಾದವು. ಎಂಡಿಎಸ್ ಇದ್ದರೂ ಮಾನ್ಯತೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಆದರೆ ಸೀಟಿನ ಸ್ಪರ್ಧೆಯಲ್ಲಿ ಅದಕ್ಕೆ ತೂಕವಿದೆ.

ರಾಜ್ಯ ಬದಲಾದರೆ ನಿಯಮವೂ ಬದಲಾಗುತ್ತದೆ. ಟೆಕ್ಸಾಸ್‌ನಲ್ಲಿ ವಿದೇಶಿ ಪದವೀಧರರು ಕೋಡಾ ಮಾನ್ಯತೆಯ, ಕನಿಷ್ಠ ಎರಡು ವರ್ಷಗಳ ಸ್ಪೆಷಾಲಿಟಿ ತರಬೇತಿಯನ್ನು ಅಮೆರಿಕದಲ್ಲಿ ಮುಗಿಸಿದ್ದರೆ ಅರ್ಜಿ ಹಾಕಲು ಅವಕಾಶವಿದೆ. ನ್ಯೂಯಾರ್ಕಿನಲ್ಲಿ 2007ರಿಂದ, ಅಮೆರಿಕದಲ್ಲೇ ಓದಿದವರಿಗೂ ಒಂದು ವರ್ಷದ ರೆಸಿಡೆನ್ಸಿ ಕಡ್ಡಾಯವಾಗಿದೆ. ಹೀಗಾಗಿ ಎಲ್ಲಿ ಸುಲಭವೆಂದು ಹುಡುಕುವುದಕ್ಕಿಂತ ಕುಟುಂಬ ಎಲ್ಲಿ ನೆಲೆಸಲಿದೆ ಎಂಬುದನ್ನು ಮೊದಲು ನಿರ್ಧರಿಸುವುದು ಒಳ್ಳೆಯದು. ನಮ್ಮಲ್ಲಿ 1948ರ ದಂತವೈದ್ಯರ ಕಾಯಿದೆಯು ಒಂದು ರಾಜ್ಯದ ನೋಂದಣಿಯನ್ನು ಇನ್ನೊಂದಕ್ಕೆ ವರ್ಗಾಯಿಸಿಕೊಳ್ಳಲು ಅರ್ಜಿ, ಶುಲ್ಕಗಳ ದಾರಿಯನ್ನು ಮಾಡಿಕೊಟ್ಟಿತ್ತು. ಅಲ್ಲಿ ಅಷ್ಟು ಸಲೀಸಲ್ಲ: ಬೇರೆ ರಾಜ್ಯದ ಪರವಾನಗಿದಾರರು ಅನುಭವದ ಆಧಾರದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಬರಬೇಕಾದರೆ ಸಾಮಾನ್ಯವಾಗಿ 5,000 ಗಂಟೆಗಳ ಚಿಕಿತ್ಸಾ ಅನುಭವವನ್ನು ತೋರಿಸಬೇಕಾಗುತ್ತದೆ.

ಪ್ರಶ್ನೆ: ಸೀಟು ಸಿಗುವವರೆಗೆ ಡೆಂಟಲ್ ಅಸಿಸ್ಟೆಂಟ್ ಆಗಿ ಕೆಲಸ ಮಾಡಬಹುದೇ? ಪತಿ ಎಚ್-1ಬಿ ಉದ್ಯೋಗ ವೀಸಾದಲ್ಲಿದ್ದಾರೆ, ನಾನು ಅವರ ಅವಲಂಬಿತೆಯಾಗಿ ಎಚ್-4 ವೀಸಾದಲ್ಲಿದ್ದೇನೆ.
— ಓದುಗರೊಬ್ಬರು, ಫ್ರೀಮಾಂಟ್

ಉತ್ತರ: ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯ ಡೆಂಟಲ್ ಅಸಿಸ್ಟೆಂಟ್ ಕೆಲಸಕ್ಕೆ ಪರವಾನಗಿ ಬೇಕಿಲ್ಲ, ಸೋಂಕು ನಿಯಂತ್ರಣದಂಥ ಕೆಲವು ತರಬೇತಿಗಳು ಬೇಕು. ಅಡ್ಡಿಯಾಗುವುದು ವೀಸಾ. ಎಚ್-4ರಲ್ಲಿ ಓದಲು ಅನುಮತಿ ಇದೆ, ದುಡಿಯಲು ಇಲ್ಲ. ನಿಮ್ಮ ಪತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಕಂಪನಿ ಸಲ್ಲಿಸುವ ಐ-140 ಅರ್ಜಿ ಮಂಜೂರಾಗಿದ್ದರೆ, 2015ರ ನಿಯಮದಂತೆ ಇಎಡಿ ಎಂಬ ಕೆಲಸದ ಅನುಮತಿ ಕಾರ್ಡಿಗೆ ಅರ್ಜಿ ಹಾಕಬಹುದು. ಅದು ಕೈಸೇರಿದ ಮೇಲಷ್ಟೇ ಕೆಲಸಕ್ಕೆ ಸೇರಿ. ಸಂಬಳವಿಲ್ಲದೆ ಕ್ಲಿನಿಕ್‌ನಲ್ಲಿ ದುಡಿಯುವುದೂ ತೊಂದರೆಗೆ ದಾರಿ ಮಾಡಬಹುದು. ಕಾರ್ಡ್ ಬರುವವರೆಗೆ ದಂತವೈದ್ಯರ ಪಕ್ಕದಲ್ಲಿ ನಿಂತು ಕೆಲಸವನ್ನು ನೋಡುವುದಕ್ಕೆ, ಅಲ್ಲಿಯವರು ಶ್ಯಾಡೋಯಿಂಗ್ ಎನ್ನುವುದಕ್ಕೆ, ಸೀಮಿತರಾಗಿರಿ. ಆ ಗಂಟೆಗಳನ್ನು ಕ್ಯಾಪಿಡ್ ಅರ್ಜಿಯಲ್ಲಿ ನಮೂದಿಸಬಹುದು, ಶಿಫಾರಸು ಪತ್ರ ಕೊಡಬಲ್ಲವರ ಪರಿಚಯವೂ ಅಲ್ಲಿಯೇ ಆಗುತ್ತದೆ.