ಹಳೇ ಎಂಜಿಬಿ ರೇಸಿಗೆ ಹಿಂದಿನ ಆಕ್ಸಲ್ ರೇಶಿಯೋ: 3.9 ಇರಲಾ, 4.55 ಹಾಕಿಸಲಾ?

ನಿಮ್ಮ 1965ರ ಎಂಜಿಬಿ ಸ್ಪೋರ್ಟ್ಸ್ ಕಾರಿಗೆ 4.55ರ ಕ್ರೌನ್-ಪಿನಿಯನ್ (ಹಿಂದಿನ ಆಕ್ಸಲ್ಲಿನ ಹಲ್ಲುಚಕ್ರದ ಜೋಡಿ; ಚಕ್ರ ಒಂದು ಸುತ್ತು ಬರಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ 4.55 ಸುತ್ತಬೇಕು) ಹಾಕಿಸಿದರೆ ತೀರ್ಥಹಳ್ಳಿ ಕಡೆಯ ಎಸ್ಟೇಟ್ ದಾರಿಗೂ ಚೆನ್ನೈ ಟ್ರ್ಯಾಕಿಗೂ ಆಗುತ್ತಾ ಅಂತ ಕೇಳಿದ್ದೀರಿ. ಎರಡಕ್ಕೂ ಒಂದೇ ಸೆಟ್ ಸರಿಹೋಗಲ್ಲ.

165/80 ಆರ್14 ಟೈರ್ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಉರುಳುತ್ತೆ. ಟಾಪ್ ಗೇರ್ 1:1, ಅಂದ್ರೆ ಇಂಜಿನ್ ಸುತ್ತಿದಷ್ಟೇ ಆ ಶಾಫ್ಟೂ ಸುತ್ತುತ್ತೆ. ಹಾಗಾಗಿ 6000 ಆರ್‌ಪಿಎಂನಲ್ಲಿ ಕಂಪನಿಯ 3.909ಕ್ಕೆ ಗಂಟೆಗೆ 175 ಕಿ.ಮೀ., 4.55ಕ್ಕೆ 150. ಆ 25 ಕಿ.ಮೀ. ಬಿಟ್ಟುಕೊಟ್ಟರೆ ಪ್ರತಿ ಗೇರಿನಲ್ಲೂ ಚಕ್ರಕ್ಕೆ ಶೇ 16 ಹೆಚ್ಚು ಎಳೆತ.

ಆಗುಂಬೆ ಘಾಟಿಯಂಥ ಹೇರ್‌ಪಿನ್ ನೆನೆಸಿಕೊಳ್ಳಿ (ಅಲ್ಲೇ ರೇಸ್ ಮಾಡಬೇಡಿ ಮಾರಾಯ್ರೆ, ಎದುರಿಗೆ ಬಸ್ ಬರುತ್ತೆ). ತಿರುವು ಮುಗಿದು ಏರು ಹತ್ತುವಾಗ ಸೆಕೆಂಡ್ ಗೇರಿನಲ್ಲಿ ಇಂಜಿನ್ ಉಬ್ಬಸ ಪಡುತ್ತೆ. ಫಸ್ಟಿಗೆ ಇಳಿಸೋಣ ಅಂದ್ರೆ ನಿಮ್ಮ ಗೇರ್‌ಬಾಕ್ಸಿನ ಫಸ್ಟಿಗೆ ಸಿಂಕ್ರೋಮೆಶ್ಶೇ (ಗೇರುಗಳ ವೇಗ ಹೊಂದಿಸಿ ಸಲೀಸಾಗಿ ಕೂರಿಸುವ ವ್ಯವಸ್ಥೆ) ಇಲ್ಲ, ಕಿರ್ರ್ ಅನ್ನುತ್ತೆ. ಇಂಥ ಕಡೆ ಕಣ್ಣುಮುಚ್ಚಿ 4.55.

ಟ್ರ್ಯಾಕಿನಲ್ಲಿ ಅತಿ ಉದ್ದದ ನೇರ ದಾರಿಯ ಕೊನೆ ನೋಡಿ. ಬ್ರೇಕ್ ಒತ್ತುವ ಹೊತ್ತಿಗೆ ಆರ್‌ಪಿಎಂ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿದರೆ ಸರಿ. ಮೊದಲೇ ಮುಟ್ಟಿದರೆ ರೇಶಿಯೋ ಜಾಸ್ತಿಯಾಯ್ತು. ಒಂದೇ ಸೆಟ್ಟಿಗೆ ದುಡ್ಡಿದ್ದರೆ ನಾನು 4.3 ಹಾಕಿಸ್ತೀನಿ, ಸುಮಾರು 159 ಸಿಗುತ್ತೆ.

ನಿಮ್ಮದು ಬ್ಯಾಂಜೋ ಆಕ್ಸಲ್ (ಎಂಜಿಬಿಯ ಹಳೇ ನಮೂನೆಯ ಹಿಂದಿನ ಆಕ್ಸಲ್), ಎಂಜಿಬಿಗಿಂತ ಹಿಂದಿನ ಕಾರಾದ ಎಂಜಿಎಯ ಸೆಟ್ ಕೂರುತ್ತೆ. ನಂತರದ ಟ್ಯೂಬ್ ಆಕ್ಸಲ್ಲಿನದು ಕೂರಲ್ಲ. ಹಾಂ, 4.55 ಹಾಕಿದ ಮೇಲೆ ಸ್ಪೀಡೋಮೀಟರ್ 60ಕ್ಕೆ 70 ತೋರಿಸುತ್ತೆ, ಗಾಬರಿಯಾಗಬೇಡಿ.