ತೋಟ ಅಡ ಇಟ್ಟು ಲಂಡನ್‌ಗೆ ಹೋಗಬೇಕಾ?

ಸಕಲೇಶಪುರದ ತೋಟ ಅಡ ಇಟ್ಟು ಲಂಡನ್‌ನಲ್ಲಿ ಅಂತಾರಾಷ್ಟ್ರೀಯ ಸಂಬಂಧಗಳ ಎಂಎ ಮಾಡಲಾ, ಇಲ್ಲೇ ಕಡಿಮೆ ಖರ್ಚಲ್ಲಿ ಆಗುತ್ತಾ ಅಂತ ಕೇಳಿದ್ದೀರಿ. ತೋಟದ ಪತ್ರ ಬೀರುವಿನಲ್ಲೇ ಇರಲಿ ಮಾರಾಯ್ರೇ.

ಮೊದಲು ದೆಹಲಿಯ ಜೆಎನ್‌ಯು (ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ) ನೋಡಿ. ಫೀಸು ತೀರಾ ಕಡಿಮೆ, ಈ ವಿಷಯಕ್ಕೆ ಅಂತಲೇ ಅಲ್ಲಿ ಪ್ರತ್ಯೇಕ ಅಧ್ಯಯನ ವಿಭಾಗವೇ ಇದೆ, ಒಳ್ಳೆಯ ಲೈಬ್ರರಿಯೂ ಇದೆ. ಆದರೆ ಪೈಪೋಟಿ ಜಾಸ್ತಿ, ಹಾಸ್ಟೆಲ್ ಸಿಗದಿದ್ದರೆ ದೆಹಲಿ ಬಾಡಿಗೆ ಜೇಬು ಖಾಲಿ ಮಾಡುತ್ತದೆ. ಕೇರಳದ ಕೇಂದ್ರೀಯ ವಿಶ್ವವಿದ್ಯಾಲಯವನ್ನು ನಮ್ಮ ಕಡೆಯವರು ಯಾಕೋ ನೋಡೋದೇ ಇಲ್ಲ. ಅದು ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿದೆ, ಹಾಸನದಿಂದ ಕಣ್ಣೂರು ರೈಲು ಹತ್ತಿದರೆ ಘಾಟಿ ಇಳಿದು ಮಂಗಳೂರು ದಾಟಿ ಆ ಕಡೆಗೇ ಹೋಗುತ್ತದೆ. ಪಾಂಡಿಚೇರಿ ವಿಶ್ವವಿದ್ಯಾಲಯದಲ್ಲೂ ಇದೇ ವಿಷಯ ಇದೆ.

ಇವಕ್ಕೆಲ್ಲ ಸಿಯುಇಟಿ ಪಿಜಿ ಅನ್ನೋ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ತಪ್ಪು ಉತ್ತರಕ್ಕೆ ಒಂದು ಅಂಕ ಕತ್ತರಿಸುತ್ತಾರೆ, ಸುಮ್ನೆ ಗುರುತು ಹಾಕಬೇಡಿ. ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ, ಕನ್ನಡ ಮೀಡಿಯಂ ಆಗಿದ್ದರೆ ಈಗಿಂದಲೇ ದಿನಾ ಇಂಗ್ಲಿಷ್ ಪೇಪರಿನ ವಿದೇಶಿ ಸುದ್ದಿ ಪುಟ ಓದಿ.

ವಿದೇಶವೇ ಬೇಕೆಂದರೆ ಜರ್ಮನಿ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ವೀಸಾಕ್ಕೆ ಒಂದು ವರ್ಷದ ಖರ್ಚಿನ ದುಡ್ಡನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಷ್ಟೇ ಅಂತ ತೆಗೆಯಲು ಬಿಡುವ ಖಾತೆ) ಇಟ್ಟು ತೋರಿಸಬೇಕು, ಅದು ಹತ್ತು ಲಕ್ಷ ದಾಟುತ್ತದೆ.

ಅಂದಹಾಗೆ, ಐಎಫ್‌ಎಸ್ (ವಿದೇಶಾಂಗ ಸೇವೆ) ಅಧಿಕಾರಿ ಆಗೋದೇ ಆಸೆಯಾ? ಹಾಗಾದರೆ ಈ ಎಂಎ ಬೇಕೇ ಬೇಕು ಅಂತೇನಿಲ್ಲ, ಯಾವ ಡಿಗ್ರಿ ಇದ್ದರೂ ಯುಪಿಎಸ್‌ಸಿ ಬರೆಯಬಹುದು ಅಲ್ವಾ.