ಬಿಳಿ ಹಾಳೆಯಂಥ ಆಕಾಶ

ಪ್ರಶ್ನೆ: ಮರವಂತೆ ಕಡಲತೀರದಲ್ಲಿ ಕಪ್ಪು-ಬಿಳುಪು ಫೋಟೋ ತೆಗೆದೆ. ಕಣ್ಣಿಗೆ ಮೋಡಗಳು ಚೆನ್ನಾಗಿ ಕಂಡಿದ್ದವು. ಫೋಟೋದಲ್ಲಿ ಮಾತ್ರ ಆಕಾಶ ಬರೀ ಬಿಳಿ ಹಾಳೆ! ಏನು ಮಾಡಲಿ ಸಾರ್?
– ಓದುಗರೊಬ್ಬರು, ಶಿರಾ

ಉತ್ತರ: ಎದುರಿನ ಕಪ್ಪು ಬಂಡೆಗೋ ಮನೆಯವರ ಮುಖಕ್ಕೋ ಬೆಳಕು ಹೊಂದಿಸಿರುತ್ತೀರಿ, ಅಲ್ವಾ? ಆಗ ಆಕಾಶ ಸುಟ್ಟುಹೋಗುತ್ತದೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ, ಅಂದರೆ ಕ್ಯಾಮೆರಾಕ್ಕೆ ಬೀಳುವ ಬೆಳಕನ್ನು ಅರ್ಧ ಮಾಡಿ. ರಾ ಫೈಲಿನಲ್ಲೇ (ಕ್ಯಾಮೆರಾ ತಿದ್ದದೆ ಉಳಿಸುವ ಕಚ್ಚಾ ಫೈಲು) ತೆಗೆಯಿರಿ. ಕಪ್ಪಾದ ನೆರಳಿನ ಭಾಗವನ್ನು ಆಮೇಲೆ ಎಡಿಟ್‌ನಲ್ಲಿ ಬೆಳಗಿಸಬಹುದು, ಸುಟ್ಟ ಮೋಡ ವಾಪಸ್ ಬರುವುದಿಲ್ಲ.

ಫಿಲ್ಮ್ ಕಾಲದಲ್ಲಿ ತುಮಕೂರಿನ ನಮ್ಮ ಸ್ಟುಡಿಯೋದಲ್ಲಿ ಕೆಂಪು ಫಿಲ್ಟರ್ ಇಟ್ಟುಕೊಂಡಿದ್ದೆವು. ಅದು ನೀಲಿ ಬೆಳಕನ್ನು ತಡೆಯುತ್ತದೆ. ನೀಲಿ ಆಕಾಶ ಕಪ್ಪಾಗಿ, ಬಿಳಿ ಮೋಡ ಎದ್ದು ಕಾಣುತ್ತದೆ. ಈಗ ಎಡಿಟ್ ಮಾಡುವಾಗ ನೀಲಿಯ ಸ್ಲೈಡರ್ ಇಳಿಸಿದರೆ ಸಾಕು. ಜಾಸ್ತಿ ಎಳೆದರೆ ಕಾಳು ಕಾಳಾಗುತ್ತದೆ, ಹುಷಾರು. ಆಕಾಶ ಪೂರ್ತಿ ಬೂದಿ ಬಣ್ಣವಿದ್ದರೆ ಈ ಉಪಾಯ ನಡೆಯದು. ಅಲ್ಲಿ ತಡೆಯಲು ನೀಲಿಯೇ ಇಲ್ಲವಲ್ಲ!

ನಮ್ಮ ಕಡಲು ಇರುವುದು ಪಶ್ಚಿಮಕ್ಕೆ. ಎಲ್ಲರೂ ಸಂಜೆಯೇ ಓಡುತ್ತಾರೆ. ನನ್ನ ಮಾತು ಕೇಳಿ, ಬೆಳಿಗ್ಗೆ ಹೋಗಿ. ಸೂರ್ಯ ಬೆನ್ನಿಗಿರುತ್ತಾನೆ, ಎದುರಿನ ನೀಲಿ ಗಾಢವಾಗಿರುತ್ತದೆ.

ಇದು ಹಳೇ ತಲೆನೋವೇ. 1850ರ ದಶಕದ ನೆಗೆಟಿವ್‌ಗಳಿಗೆ ನೀಲಿ ಬೆಳಕು ಅತಿಯಾಗಿ ತಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಒಂದೇ ಚಿತ್ರವಾಗಿ ಅಚ್ಚುಹಾಕಿದ. ಮೋಸ ಅಂತೀರಾ? ನಾನಂತೂ ಅನ್ನಲ್ಲ.

ಅಭ್ಯಾಸಕ್ಕೆ ಸುಮ್ನೆ ದೇವರಾಯನದುರ್ಗ ಹತ್ತಿ. ಅಲ್ಲೂ ಮೋಡಕ್ಕೆ ಬರವಿಲ್ಲ, ಲೆನ್ಸಿಗೆ ಉಪ್ಪುನೀರೂ ಸಿಡಿಯುವುದಿಲ್ಲ.